ನನ್ನ ಬಾಂಡು, ಆಕೆಯ ಬಾಂಡು

ಹೋದ ವರ್ಷ ಜೂನ್ ಕೊನೆ. ಧಾರವಾಡದಲ್ಲಿ ಮಳೆ ಹಿಡಿದು ಮೂರು ದಿನ ಆಗಿತ್ತು. ನಮ್ಮೂರ ಮಳೆ ಗೊತ್ತಲ್ಲ, ಜೋರಾಗಿ ಸುರಿಯುವುದೂ ಇಲ್ಲ, ಬಿಟ್ಟು ಹೋಗುವುದೂ ಇಲ್ಲ. ನಮ್ಮ ಮನೆಗೆ ಭಾಂಡೆ ತಿಕ್ಕಲು ಬರುವಾಕೆ ಕೆಲಸ ಮುಗಿದ ಮೇಲೂ ಅಡುಗೆಮನೆ ಬಾಗಿಲಲ್ಲೇ ನಿಂತಿದ್ದಳು. ಮಳೆ ನಿಲ್ಲಲಿ ಅಂತ ಕಾಯುತ್ತಿದ್ದಾಳೆ ಅಂದುಕೊಂಡೆ. ಅಲ್ಲ. ಕೈ ಒರೆಸಿಕೊಂಡು ತನ್ನ ಕೈಚೀಲದಿಂದ ಒಂದು ಪ್ಲಾಸ್ಟಿಕ್ ಚೀಲ ತೆಗೆದಳು. ಅದರೊಳಗೆ ಇನ್ನೊಂದು ಚೀಲ. ಅದರೊಳಗೆ ಹಳೇ ಕ್ಯಾಲೆಂಡರಿನ ಹಾಳೆಯಲ್ಲಿ ಸುತ್ತಿದ ಒಂದು ಕಾಗದ. "ಅಕ್ಕಾರ, ಇದು ಭಾಗ್ಯಲಕ್ಷ್ಮಿ ಬಾಂಡ್ ಐತ್ರಿ. ಹುಡುಗಿಗೆ ಹದಿನೆಂಟು ತುಂಬಿದ್ವು. ಎಷ್ಟ ಬರತೈತಂತ ಒಂದೀಟ ನೋಡಿ ಹೇಳ್ರಿ."

ನಾನು ಶಾಲೆಯಲ್ಲಿ ಗಣಿತ ಹೇಳುವವಳು. ಲೆಕ್ಕದ ಕಾಗದ ಕೈಗೆ ಬಂದರೆ ಸುಮ್ನೆ ಇರುವುದಕ್ಕೆ ಆಗುವುದಿಲ್ಲ. ಆಕೆಯ ಮಗಳು ಹುಟ್ಟಿದ್ದು 2007ರಲ್ಲಿ. ಯೋಜನೆಯ ಶುರುವಿನ ಕಾಲ. ಮೊದಲ ಹೆಣ್ಣುಮಗುವಿನ ಹೆಸರಲ್ಲಿ ಸರ್ಕಾರ 10,000 ರೂಪಾಯಿ ಇಡುತ್ತಿತ್ತು. ಹದಿನೆಂಟು ವರ್ಷಕ್ಕೆ ಅದು 34 ಸಾವಿರದ ಚಿಲ್ಲರೆ ಆಗುತ್ತದೆ. ಚಕ್ರಬಡ್ಡಿ ಹಾಕಿ ನೋಡಿದೆ. ವರ್ಷಕ್ಕೆ ಶೇ. 7ರ ಮೇಲೆಯೇ ಬಿತ್ತು. ಇನ್ನೊಂದು ಸಲ ಮಾಡಿದೆ. ಅಷ್ಟೇ ಬಂತು.

ಎರಡನೇ ಸಲ ಮಾಡಿದ್ದಕ್ಕೆ ಕಾರಣ ಇತ್ತು. ಅದೇ ವಾರ ನನ್ನ ಮೊಬೈಲಿಗೂ ಒಂದು ಮೆಸೇಜು ಬಂದಿತ್ತು. ನನ್ನ ಬಾಂಡಿನ ವರ್ಷದ ಬಡ್ಡಿ ಜಮಾ ಆಗಿದೆ ಅಂತ. ನನಗೆ ಸಿಗುವುದು ಶೇ. 5.25. ಅದರ ಮೇಲೆ ತೆರಿಗೆ ಬೇರೆ.

ಆವತ್ತಿನಿಂದ ಈ ಎರಡು ಬಾಂಡು ತಲೆಯಿಂದ ಹೋಗುತ್ತಿಲ್ಲ. ಬಡ್ಡಿಯ ಹೊಟ್ಟೆಕಿಚ್ಚು ಅಂದುಕೊಳ್ಳಬೇಡಿ. ಸ್ವಲ್ಪ ಅದೂ ಇತ್ತು, ಇಲ್ಲ ಅನ್ನುವುದಿಲ್ಲ. ಆದರೆ ಹೆಚ್ಚು ಕಾಡಿದ್ದು ಬೇರೆ. ಆಕೆಯ ಕಾಗದದ ಹಿಂದೆ ಕಂಡೀಷನ್ನುಗಳ ಸಾಲೇ ಇತ್ತು. ಮಗುವಿಗೆ ಲಸಿಕೆ ಹಾಕಿಸಿರಬೇಕು. ಅಂಗನವಾಡಿಗೆ ಹೆಸರು ಹಚ್ಚಿರಬೇಕು. ಎಂಟನೇತ್ತಾವರೆಗೆ ಓದಿಸಬೇಕು. ದುಡಿಯಲು ಕಳಿಸಬಾರದು. ಹದಿನೆಂಟರ ಒಳಗೆ ಮದುವೆ ಮಾಡಬಾರದು. ನನ್ನ ಬಾಂಡಿನಲ್ಲಿ ಇಂಥದ್ದು ಒಂದಾದರೂ ಇದೆಯಾ ಅಂತ ಕಪಾಟಿನಿಂದ ತೆಗೆದು ಹುಡುಕಿದೆ.

ಅಪ್ಪನ ಸೈಟು

ನನ್ನ ಬಾಂಡಿನ ಕಥೆ ಚಿಕ್ಕದು. ಅಪ್ಪ ಎಂಬತ್ತರ ದಶಕದಲ್ಲಿ ನೌಕರರ ಸೊಸೈಟಿಯಿಂದ ಒಂದು ಸೈಟು ತಗೊಂಡಿದ್ದರು, ಹುಬ್ಬಳ್ಳಿ-ಧಾರವಾಡದ ನಡುವೆ. ಆಗ ಅಲ್ಲಿ ಜಾಲಿಕಂಟಿ ಬಿಟ್ಟರೆ ಬೇರೇನೂ ಇರಲಿಲ್ಲ. "ಅಲ್ಲಿ ಯಾವ ನರಮನುಷ್ಯ ಮನಿ ಕಟ್ಟತಾನ" ಅಂತ ಅವ್ವ ಬೈಯುತ್ತಿದ್ದಳು. ಅಪ್ಪ ಹೋದ ಮೇಲೆ, 2023ರಲ್ಲಿ, ಮೂವರು ಮಕ್ಕಳು ಸೇರಿ ಅದನ್ನು ಮಾರಿದೆವು. ಅಷ್ಟರಲ್ಲಿ ಮುಂದಿನ ರಸ್ತೆಯಲ್ಲಿ ಚಿಗರಿ ಬಸ್ಸು ಓಡುತ್ತಿತ್ತು. ರೇಟು ನಾವು ಅಂದುಕೊಂಡಿದ್ದಕ್ಕಿಂತ ಜಾಸ್ತಿ ಬಂತು. ಜಾಸ್ತಿ ಬಂದರೆ ತೆರಿಗೆಯೂ ಜಾಸ್ತಿ. ಕೊಪ್ಪಿಕರ ರಸ್ತೆಯ ನಮ್ಮ ಸಿಎ ಸಾಹೇಬರು ಚಹಾ ತರಿಸಿ ಹೇಳಿದರು: "ಆರು ತಿಂಗಳೊಳಗ 54ಇಸಿ ಬಾಂಡಿಗೆ ಹಾಕ್ರಿ. ಐದು ವರ್ಷ ಮರತಬಿಡ್ರಿ. ತೆರಿಗಿ ಉಳೀತದ." ಲಾಭದ ಹಣವನ್ನು, ಐವತ್ತು ಲಕ್ಷದವರೆಗೆ, ಸರ್ಕಾರ ಗೊತ್ತುಪಡಿಸಿದ ಕೆಲವು ಸಂಸ್ಥೆಗಳ ಬಾಂಡಿಗೆ ಹಾಕಿದರೆ ಆ ಲಾಭಕ್ಕೆ ತೆರಿಗೆ ಇಲ್ಲ. ಮಾರುವ ಹಾಗಿಲ್ಲ, ಅಡವಿಡುವ ಹಾಗಿಲ್ಲ. ಆಗ ಬ್ಯಾಂಕಿನ ಎಫ್‌ಡಿಗೆ 7ರ ಆಸುಪಾಸು ಬಡ್ಡಿ ಇತ್ತು. ಇದಕ್ಕೆ 5.25. "ಬಡ್ಡಿ ನೋಡಬ್ಯಾಡ್ರಿ, ಉಳಿಯೂ ತೆರಿಗಿ ನೋಡ್ರಿ" ಅಂದರು. ನೋಡಿದೆ. ಸಹಿ ಹಾಕಿದೆ. ಐದು ವರ್ಷ ಮರೆತುಬಿಡಿ ಅಂದಿದ್ದರಲ್ಲ, ಮೊದಲ ವರ್ಷ ಚೆನ್ನಾಗಿಯೇ ಮರೆತೆ.

ಕಪಾಟಿನಿಂದ ತೆಗೆದ ಕಾಗದದ ಮೇಲೆ ಆರ್‌ಇಸಿ ಅಂತ ಇತ್ತು. ಅದರ ಮೊದಲಿನ ಪೂರ್ತಿ ಹೆಸರು ರೂರಲ್ ಎಲೆಕ್ಟ್ರಿಫಿಕೇಶನ್ ಕಾರ್ಪೊರೇಶನ್. ಶುರುವಾಗಿದ್ದು 1969ರಲ್ಲಿ. ಅರವತ್ತರ ದಶಕದಲ್ಲಿ ಬರದ ಮೇಲೆ ಬರ ಬಿದ್ದಾಗ, ರೈತ ಬರೀ ಮುಗಿಲು ನೋಡಿ ಕೂರಬಾರದು, ಬಾವಿಗೆ ಕರೆಂಟ್ ಮೋಟರ್ ಕೂಡಿಸಬೇಕು ಅಂತ ಮಾಡಿದ ಸಂಸ್ಥೆ. ಇದನ್ನು ಓದಿದಾಗ ನಾನು ಕುರ್ಚಿಯ ಮೇಲೆ ನೆಟ್ಟಗೆ ಕೂತೆ. ಯಾಕೆಂದರೆ ಆ ಮೋಟರ್ ನನಗೆ ಗೊತ್ತು.

ನನಗೆ ಏಳೋ ಎಂಟೋ ವರ್ಷ. ಗದಗಿನ ಹತ್ತಿರ ಅಜ್ಜನ ಊರು. ಎರೆಹೊಲ, ಮೂಲೆಯಲ್ಲಿ ಒಂದು ಬಾವಿ. ಎತ್ತು ಕಟ್ಟಿ ಕಪಿಲೆಯಿಂದ ನೀರು ಎತ್ತುತ್ತಿದ್ದರು. ಎತ್ತುಗಳು ಇಳಿಜಾರಿನಲ್ಲಿ ಇಳಿಯುವಾಗ ಚರ್ಮದ ಚೀಲ ಮೇಲೆ ಬರುತ್ತಿತ್ತು, ಹಿಂದಕ್ಕೆ ಬರುವಾಗ ಕೆಳಗೆ ಹೋಗುತ್ತಿತ್ತು. ಬೆಳಗಿನ ಜಾವದಿಂದ ಬಿಸಿಲು ಏರುವವರೆಗೆ ಅದೇ. ಆ ವರ್ಷ ಕೆಇಬಿಯವರು ಹೊಲದ ಬದುವಿನ ಮೇಲೆ ಕಂಬ ನೆಟ್ಟರು. ಮೋಟರ್ ಬಂತು. ಅಜ್ಜ ಸ್ಟಾರ್ಟರ್ ಡಬ್ಬಿಗೆ ಕುಂಕುಮ ಹಚ್ಚಿ, ಊದಿನಕಡ್ಡಿ ಸಿಕ್ಕಿಸಿ, ಕಾಯಿ ಒಡೆದರು. ಬಟನ್ ಒತ್ತಿದ್ದು ಮಾಮಾ. ಪೈಪಿನಿಂದ ಮೊದಲು ಗಾಳಿ ಬಂತು, ಆಮೇಲೆ ರಾಡಿ, ಆಮೇಲೆ ದಪ್ಪನೆಯ ಬಿಳಿ ನೀರು. ನಾವು ಹುಡುಗರೆಲ್ಲ ಅದರ ಕೆಳಗೆ ನಿಂತು ತೊಯ್ಸಿಕೊಂಡೆವು. ಅದಕ್ಕಿಂತ ಹೆಚ್ಚು ನೆನಪಿರುವುದು ಮರುದಿನದ್ದು. ಬೆಳಿಗ್ಗೆ ಹಗ್ಗ ಬಿಚ್ಚಿದ ಕೂಡಲೇ ಎರಡೂ ಎತ್ತು ಯಾರೂ ಹೊಡೆಯದೆ ಬಾವಿ ಕಡೆಗೆ ನಡೆದವು. ಇಳಿಜಾರಿನ ತುದಿಯಲ್ಲಿ ಹೋಗಿ ನಿಂತವು. ಅಜ್ಜ ಸ್ವಲ್ಪ ಹೊತ್ತು ಅವುಗಳ ಬೆನ್ನ ಮೇಲೆ ಕೈ ಇಟ್ಟು ನಿಂತಿದ್ದು, ಆಮೇಲೆ ಕರಕೊಂಡು ಬಂದರು.

ಅಂಥ ಕಂಬಗಳಿಗಾಗಿ ಹುಟ್ಟಿದ ಸಂಸ್ಥೆಗೆ ನಾನು ಐದು ವರ್ಷಕ್ಕೆ ದುಡ್ಡು ಕೊಟ್ಟಿದ್ದೇನೆ. ಆದರೆ ಆ ವಿಷಯ ನನಗೆ ಯಾರೂ ಹೇಳಲಿಲ್ಲ. ಸಿಎ ಹೇಳಲಿಲ್ಲ, ಅರ್ಜಿ ತುಂಬಿಸಿದ ಹುಡುಗ ಹೇಳಲಿಲ್ಲ, ನಾನೂ ಕೇಳಲಿಲ್ಲ. ಆ ಸಂಸ್ಥೆ ಈಗ ಬರೀ ಹಳ್ಳಿಯ ಕಂಬಕ್ಕೆ ಸಾಲ ಕೊಡುವುದಿಲ್ಲ. ದೊಡ್ಡ ದೊಡ್ಡ ವಿದ್ಯುತ್ ಯೋಜನೆಗಳಿಗೂ ಕೊಡುತ್ತದೆ. ನನ್ನ ದುಡ್ಡು ಯಾವ ತಂತಿಗೆ ಹೋಗಿದೆ ಅನ್ನುವುದು ನನ್ನ ಕಾಗದದಲ್ಲಿ ಬರೆದಿಲ್ಲ. ತೆರಿಗೆ ಉಳಿಯುತ್ತದೆ ಅನ್ನುವುದೊಂದು ಗೊತ್ತಿದ್ದರೆ ಸಾಕು ಅಂತ ಎಲ್ಲರೂ ಸೇರಿ ತೀರ್ಮಾನ ಮಾಡಿದ ಹಾಗಿತ್ತು.

ಕಟ್ಟು ಯಾರಿಗೆ?

ನಮ್ಮ ಕಡೆ ಬಾಂಡ್ ಅಂದರೆ ಮೊದಲಿನಿಂದ ಒಂದೇ ಅರ್ಥ. ಛಾಪಾ ಕಾಗದ. "ಬಾಂಡ್ ಬರಕೊಟ್ಟಾನ" ಅಂದರೆ ಸಾಲ ತಗೊಂಡವನು ಸಿಕ್ಕಿಬಿದ್ದ ಅಂತ. ಬಾಂಡು ಕಟ್ಟುವುದು ಕೈ ಚಾಚಿದವನನ್ನು. ಹಾಗಾಗಿ ನಾನೇ ದುಡ್ಡು ಕೊಟ್ಟು, ನಾನೇ ಬಾಂಡು ತಗೊಂಡು, ಐದು ವರ್ಷ ನಾನೇ ಕಟ್ಟಿಸಿಕೊಂಡು ಕೂತಿದ್ದು ವಿಚಿತ್ರ ಅನ್ನಿಸಿತು. ಆ ಕಡೆಯವರ ಮೇಲೆ ಒಂದೇ ಕಟ್ಟು: ಬಡ್ಡಿ ಮತ್ತು ಅಸಲು ಹೇಳಿದ ದಿನ ಕೊಡಬೇಕು. ಆ ದುಡ್ಡಿನಿಂದ ಯಾರ ಮನೆಗೆ ಬೆಳಕು ಬಂತು ಅಂತ ನನಗೆ ಹೇಳಬೇಕಾಗಿಲ್ಲ.

ಹೇಳಲೇಬೇಕು ಅನ್ನುವ ಬಾಂಡುಗಳೂ ಇವೆ. ಸೋಶಿಯಲ್ ಇಂಪ್ಯಾಕ್ಟ್ ಬಾಂಡ್ ಅಂತಾರೆ. ಹೆಸರು ಬಾಂಡ್, ನಿಜದಲ್ಲಿ ಅದೊಂದು ಪಂಥ, ಬಾಜಿ ಕಟ್ಟಿದ ಹಾಗೆ. ಒಬ್ಬ ದುಡ್ಡು ಹಾಕುತ್ತಾನೆ. ಒಂದು ಸಂಸ್ಥೆ ಆ ದುಡ್ಡಿನಿಂದ ಊರಿಗೆ ಬೇಕಾದ ಕೆಲಸ ಮಾಡುತ್ತದೆ. ಮೂರನೆಯವನು, ಸರ್ಕಾರವೋ ದೊಡ್ಡ ದತ್ತಿ ಸಂಸ್ಥೆಯೋ, "ಕೆಲಸ ಆದರೆ ಮಾತ್ರ ಅಸಲು, ಬಡ್ಡಿ ಎರಡೂ ನಾನು ಕೊಡುತ್ತೇನೆ" ಅಂತಾನೆ. ಆಯಿತೋ ಇಲ್ಲವೋ ಅಂತ ಎಣಿಸಲು ನಾಲ್ಕನೆಯವನು. ಮೊದಲು ಇದನ್ನು ಮಾಡಿದ್ದು ಇಂಗ್ಲೆಂಡಿನಲ್ಲಿ, 2010ರಲ್ಲಿ, ಪೀಟರ್‌ಬರೋ ಊರಿನ ಜೈಲಿನಲ್ಲಿ. ಸಣ್ಣ ಶಿಕ್ಷೆ ಮುಗಿಸಿ ಹೊರಬಂದವರು ಮತ್ತೆ ಒಳಗೆ ಬರದಂತೆ ನೋಡಿಕೊಳ್ಳುವುದು ಕೆಲಸ. 17 ಹೂಡಿಕೆದಾರರು 50 ಲಕ್ಷ ಪೌಂಡ್ ಹಾಕಿದರು. ಮತ್ತೆ ತಪ್ಪು ಮಾಡುವುದು ಶೇ. 7.5ರಷ್ಟಾದರೂ ಇಳಿಯಬೇಕಿತ್ತು. 9ರಷ್ಟು ಇಳಿಯಿತು. 2017ರಲ್ಲಿ ಅವರಿಗೆ ಅಸಲು ಬಂತು, ವರ್ಷಕ್ಕೆ ಶೇ. 3ರಷ್ಟು ಲಾಭವೂ ಬಂತು. ನ್ಯೂಯಾರ್ಕಿನ ರೈಕರ್ಸ್ ದ್ವೀಪದ ಜೈಲಿನಲ್ಲಿ 2012ರಲ್ಲಿ ಇಂಥದ್ದೇ ಪಂಥ ಕಟ್ಟಿದರು. ದುಡ್ಡು ಗೋಲ್ಡ್‌ಮನ್ ಸ್ಯಾಕ್ಸ್ ಬ್ಯಾಂಕಿನದು. ಹುಡುಗರು ಮತ್ತೆ ಜೈಲಿಗೆ ಬರುವುದು ಇಳಿಯಲಿಲ್ಲ. 2015ರಲ್ಲಿ ನಿಲ್ಲಿಸಿದರು. ಫಲ ಬರಲಿಲ್ಲವಾದ್ದರಿಂದ ನಗರ ದುಡ್ಡು ಕೊಡಲಿಲ್ಲ. ಆದರೂ ಬ್ಯಾಂಕಿಗೆ ಪೂರ್ತಿ ನಷ್ಟ ಆಗಲಿಲ್ಲ. ಪಂಥ ಕಟ್ಟಿದಾಗ ಆ ನಗರದ ಮೇಯರ್ ಆಗಿದ್ದ ಬ್ಲೂಮ್‌ಬರ್ಗ್ ಅವರ ದತ್ತಿ ಸಂಸ್ಥೆ ಜಾಮೀನು ನಿಂತಿತ್ತು, ಹೆಚ್ಚಿನ ಪಾಲು ಅದೇ ತುಂಬಿತು. ಜಾಮೀನು ನಿಂತವನ ಗತಿ ಎಲ್ಲಾ ಊರಲ್ಲೂ ಒಂದೇ.

ನಮ್ಮ ದೇಶದ್ದು ನನಗೆ ಹೆಚ್ಚು ಹತ್ತಿರ ಅನ್ನಿಸಿತು, ಮೇಷ್ಟ್ರು ಕೆಲಸ ನೋಡಿ. ರಾಜಸ್ಥಾನದ ಭಿಲ್ವಾಡಾ ಜಿಲ್ಲೆ, 2015ರಿಂದ 2018. ಶಾಲೆ ಬಿಟ್ಟ ಹೆಣ್ಣುಮಕ್ಕಳನ್ನು ವಾಪಸ್ ಕರೆತರುವುದು, ಮಕ್ಕಳಿಗೆ ಓದು-ಲೆಕ್ಕ ಬರುವ ಹಾಗೆ ಮಾಡುವುದು. ಕೆಲಸ ಮಾಡಿದ್ದು ಎಜುಕೇಟ್ ಗರ್ಲ್ಸ್ ಸಂಸ್ಥೆ. ದುಡ್ಡು ಹಾಕಿದ್ದು ಸ್ವಿಟ್ಜರ್ಲೆಂಡಿನ ಯುಬಿಎಸ್ ಬ್ಯಾಂಕಿನ ದತ್ತಿ ಸಂಸ್ಥೆ, 2 ಲಕ್ಷ 70 ಸಾವಿರ ಡಾಲರ್. ಫಲ ಬಂದರೆ ಕೊಡುತ್ತೇವೆ ಅಂದಿದ್ದು ಲಂಡನ್ನಿನ ಇನ್ನೊಂದು ದತ್ತಿ ಸಂಸ್ಥೆ. ಶಾಲೆಗೆ ಸೇರಿಸಿದ್ದಕ್ಕೆ ಐದರಲ್ಲಿ ಒಂದು ಪಾಲು ದುಡ್ಡು, ಕಲಿತದ್ದಕ್ಕೆ ನಾಲ್ಕು ಪಾಲು. ಈ ಹಂಚಿಕೆ ಮಾಡಿದವರಿಗೆ ಶಾಲೆ ಅಂದರೆ ಏನು ಅಂತ ಗೊತ್ತಿತ್ತು. ಹಾಜರಿ ಪುಸ್ತಕ ತುಂಬಿಸುವುದು ಸುಲಭ. ಮೂರು ವರ್ಷದ ಕೊನೆಗೆ ಸೇರ್ಪಡೆಯ ಗುರಿಯನ್ನು ಶೇ. 116ರಷ್ಟು, ಕಲಿಕೆಯ ಗುರಿಯನ್ನು ಶೇ. 160ರಷ್ಟು ಮುಟ್ಟಿದರು. ಹಾಕಿದವರಿಗೆ ಅಸಲಿನ ಜೊತೆ ವರ್ಷಕ್ಕೆ ಶೇ. 15ರ ಲಾಭ.

ಮೊದಲು ಓದಿದಾಗ ಸಿಟ್ಟು ಬಂತು. ಬಡವರ ಹುಡುಗಿ ಭಾಗಾಕಾರ ಕಲಿತರೆ ಯಾರೋ ಬಡ್ಡಿ ಎಣಿಸಬೇಕಾ? ಎರಡನೇ ಸಲ ಓದಿದಾಗ ಸಿಟ್ಟು ಸ್ವಲ್ಪ ಇಳಿಯಿತು. ಮೊದಲ ಎರಡು ವರ್ಷ ಕಲಿಕೆ ಗುರಿಗಿಂತ ಬಹಳ ಹಿಂದೆ ಇತ್ತಂತೆ. ಹಿಂದೆ ಇದೆ ಅಂತ ಗೊತ್ತಾಗಿದ್ದೇ ವರ್ಷವರ್ಷವೂ ಎಣಿಸಿದ್ದರಿಂದ. ಆಮೇಲೆ ಶಾಲೆ ತಪ್ಪಿಸಿದ ಮಕ್ಕಳ ಮನೆಗೇ ಹೋದರು, ತರಗತಿ ನೋಡದೆ ಬರುವಷ್ಟರ ಮೇಲೆ ಗುಂಪು ಮಾಡಿ ಕಲಿಸಿದರು. ಇದು ನಾವು ಶಿಕ್ಷಕರು ಚಹಾ ಕುಡಿಯುತ್ತಾ ಇಪ್ಪತ್ತು ವರ್ಷದಿಂದ ಹೇಳುತ್ತಿರುವ ಮಾತೇ. ಅಲ್ಲಿ ಹೇಳಿ ಬಿಡಲಿಲ್ಲ, ಅಷ್ಟೇ. ದುಡ್ಡು ಅದರ ಮೇಲೆ ನಿಂತಿತ್ತಲ್ಲ.

ಮೆಣಸಿನಕಾಯಿ ಹುಡುಗ

ಆದರೂ ಎಣಿಸುವುದರ ಬಗ್ಗೆ ನನಗೆ ಒಂದು ಅನುಮಾನ ಇದ್ದೇ ಇದೆ. ಅದಕ್ಕೊಂದು ಕಾರಣ ಹೇಳುತ್ತೇನೆ. ನಾನು ಹಾವೇರಿ ಕಡೆಯ ಒಂದು ಹಳ್ಳಿ ಶಾಲೆಯಲ್ಲಿದ್ದಾಗಿನ ಮಾತು. ಊರು, ಶಾಲೆ ಹೆಸರು ಬೇಡ. ಬಿಸಿಯೂಟ ಶುರುವಾಗಿ ಒಂದೆರಡು ವರ್ಷ ಆಗಿತ್ತು. ಇನ್‌ಸ್ಪೆಕ್ಷನ್ ಇದೆ ಅಂದರೆ ನಮ್ಮಲ್ಲಿ ಹಿಂದಿನ ದಿನವೇ ತಯಾರಿ. ಓದುವ ಹುಡುಗರು ಮುಂದಿನ ಸಾಲಿಗೆ. ತಡವರಿಸುವವರು ನಡುವೆ. ಏನೂ ಬರದವರಿಗೆ "ನಾಳೆ ಬರಬ್ಯಾಡ" ಅಂತ ಹೇಳಿ ಕಳಿಸುವುದು. ಹೇಳಿದವರಲ್ಲಿ ನಾನೂ ಒಬ್ಬಳು. ಆರನೇತ್ತಾದ ಒಬ್ಬ ಹುಡುಗನಿಗೆ ನಾನೇ ಹೇಳಿದ್ದೆ. ಅವನಿಗೆ ಒತ್ತಕ್ಷರ ಬಂದರೆ ಮುಗಿಯಿತು, ಅಲ್ಲೇ ನಿಲ್ಲುತ್ತಿದ್ದ.

ಮರುದಿನ ಸಾಹೇಬರು ಬಂದರು. ಎಲ್ಲ ಚೆನ್ನಾಗಿ ನಡೆಯಿತು. ಊಟದ ಗಂಟೆ ಹೊಡೆಯುವ ಹೊತ್ತಿಗೆ ಸರಿಯಾಗಿ ಆ ಹುಡುಗ ತಾಟು ಹಿಡಿದು ಬಂದ. ಶಾಲೆಗೆ ಬರಬೇಡ ಅಂದಿದ್ದೆ, ಊಟಕ್ಕೆ ಬರಬೇಡ ಅಂದಿರಲಿಲ್ಲ. ಸಾಹೇಬರು ಕೈ ತೊಳೆಯುತ್ತಿದ್ದವರು ಅವನನ್ನೇ ಹಿಡಿದರು. ನನಗೆ ಎದೆ ಝಲ್ ಅಂತು. ಅವರು ಒಳ್ಳೆಯವರು, ಪುಸ್ತಕ ಓದಿಸಲಿಲ್ಲ. "ಏಳೂವರಿ ಕಿಲೋ ಮೆಣಸಿನಕಾಯಿ, ಕಿಲೋಕ್ಕ ನಲವತ್ತರಂಗ, ಎಷ್ಟಾತಪಾ?" ಅಂದರು. ಹುಡುಗ ಬಾಯಲ್ಲಿ ಅನ್ನ ಇಟ್ಟುಕೊಂಡೇ ಹೇಳಿದ: "ಮುನ್ನೂರ್ರಿ. ಹಸಿ ಇದ್ರ ಕಡಿಮಿ ಹಿಡೀತಾರ್ರಿ." ವಾರಕ್ಕೆರಡು ದಿನ ಅಪ್ಪನ ಜೊತೆ ಬ್ಯಾಡಗಿ ಮಾರ್ಕೆಟ್ಟಿಗೆ ಹೋಗುತ್ತಿದ್ದ ಹುಡುಗ ಅವನು. ಸಾಹೇಬರು ನಕ್ಕು ಬೆನ್ನು ತಟ್ಟಿದರು. ರಿಪೋರ್ಟಿನಲ್ಲಿ ಅವನ ಬಗ್ಗೆ ಬರೆಯಲು ಜಾಗ ಇರಲಿಲ್ಲ. ನನ್ನ ಬಗ್ಗೆ ಇತ್ತು, ಗಣಿತ ಬೋಧನೆ ತೃಪ್ತಿಕರ ಅಂತ. ಅವನಿಗೆ ಲೆಕ್ಕ ಕಲಿಸಿದ್ದು ನಾನಲ್ಲ.

ಭಿಲ್ವಾಡಾದಲ್ಲಿ ಹೀಗಾಗದಂತೆ ಎಚ್ಚರ ವಹಿಸಿದ್ದರು. ಎಣಿಸಿದ್ದು ಹೊರಗಿನವರು. ಕಾರ್ಯಕ್ರಮ ಇಲ್ಲದ ಹಳ್ಳಿಗಳ ಮಕ್ಕಳನ್ನೂ ಪರೀಕ್ಷೆ ಮಾಡಿ ಹೋಲಿಸಿದರು. ಚೆನ್ನಾಗಿಯೇ ಮಾಡಿದ್ದಾರೆ. ಆದರೆ ಇಷ್ಟು ಎಚ್ಚರಕ್ಕೆ ಖರ್ಚು ಎಷ್ಟು ಯೋಚಿಸಿ. ಒಂದು ಜಿಲ್ಲೆಯ ಏಳು ಸಾವಿರ ಚಿಲ್ಲರೆ ಮಕ್ಕಳಿಗಾಗಿ ನಾಲ್ಕೈದು ಸಂಸ್ಥೆ, ವಕೀಲರು, ಕರಾರು. ಎಲ್ಲಾ ಕೆಲಸಕ್ಕೂ ಇದು ಆಗುವ ಮಾತಲ್ಲ.

ನೀರು, ಗಾಳಿ ಮತ್ತು ಒಂದು ದೇಣಿಗಿ

ಇಷ್ಟೆಲ್ಲ ಓದುತ್ತಾ ಹೋದಾಗ ಗೊತ್ತಾಗಿದ್ದು, ಬಾಂಡು ನಮ್ಮೂರಿಗೆ ಹೊಸದೇನಲ್ಲ. ಹುಬ್ಬಳ್ಳಿಯಲ್ಲಿ ನಮ್ಮ ಸೋದರತ್ತೆ ಇದ್ದರು. 2008ರಲ್ಲಿ ಕೆಲವು ವಾರ್ಡುಗಳಿಗೆ ಇಡೀ ದಿನ ನೀರು ಕೊಡಲು ಶುರು ಮಾಡಿದರಲ್ಲ, ಅತ್ತೆಯ ಮನೆ ಅದರೊಳಗೆ ಬಂತು. ನಾವು ಇಲ್ಲಿ ಐದಾರು ದಿನಕ್ಕೊಮ್ಮೆ ಬರುವ ನೀರಿಗೆ ಮನೆಯ ಕೊಡ, ಹಂಡೆ, ಡ್ರಮ್ಮು, ಕೊನೆಗೆ ಚರಿಗೆ ಕೂಡ ತುಂಬಿ ಇಡುತ್ತಿದ್ದೆವು. ಅತ್ತೆಗೆ ಹೊಸ ನಳದ ಮೇಲೆ ನಂಬಿಕೆಯೇ ಬರಲಿಲ್ಲ. ರಾತ್ರಿ ಎರಡು ಗಂಟೆಗೆ ಎದ್ದು ತಿರುಗಿಸಿ ನೋಡುತ್ತಿದ್ದರು, ಇದೆಯೋ ಇಲ್ಲವೋ ಅಂತ. ಮೂರು ತಿಂಗಳು ಡ್ರಮ್ಮು ತುಂಬಿಯೇ ಇಟ್ಟಿದ್ದರು. ಆಮೇಲೆ ಒಂದು ದಿನ ಅದರಲ್ಲಿ ಜೋಳ ಹಾಕಿದರು. ಆ ಯೋಜನೆಗೆ ಸಾಲ ಕೊಟ್ಟಿದ್ದು ವಿಶ್ವ ಬ್ಯಾಂಕ್. ವಿಶ್ವ ಬ್ಯಾಂಕಿಗೆ ದುಡ್ಡು ಎಲ್ಲಿಂದ? ಅದು 1947ರಿಂದ ಬಾಂಡು ಮಾರುತ್ತಾ ಬಂದಿದೆ. ಕೊಳ್ಳುವವರು ಬೇರೆ ಬೇರೆ ದೇಶದ ಪೆನ್ಷನ್ ಫಂಡು, ಇನ್ಶೂರೆನ್ಸ್ ಕಂಪನಿಗಳು. ಅಂದರೆ ಎಲ್ಲೋ ದೂರದ ನಿವೃತ್ತ ಮೇಷ್ಟ್ರೊಬ್ಬರ ಉಳಿತಾಯದ ಒಂದು ಚೂರು ಅತ್ತೆಯ ನಳದಲ್ಲಿ ಬಂದಿರಬಹುದು. ಆ ಮೇಷ್ಟ್ರಿಗೂ ಯಾರೂ ಹೇಳಿರಲಿಕ್ಕಿಲ್ಲ, ಜೋಳದ ಡ್ರಮ್ಮಿನ ವಿಷಯ.

ಈಗ ಊರುಗಳೇ ಬಾಂಡು ತರುತ್ತವೆ. ಮೊದಲು ತಂದಿದ್ದು ನಮ್ಮ ಬೆಂಗಳೂರು, 1997ರಲ್ಲಿ, 125 ಕೋಟಿಗೆ. ನನಗೆ ಹಿಡಿಸಿದ್ದು ಇಂದೋರ್. ಅವರಿಗೆ ನರ್ಮದೆಯ ನೀರು ಜಲೂದ್ ಅನ್ನುವ ಊರಿನಿಂದ ಎತ್ತಿ ತರಬೇಕು. ಪಂಪಿನ ಕರೆಂಟ್ ಬಿಲ್ಲೇ ದೊಡ್ಡ ತಲೆನೋವು. ಆ ಪಂಪಿಗೆ 60 ಮೆಗಾವ್ಯಾಟಿನ ಸೋಲಾರ್ ಹಾಕಲು 2023ರ ಫೆಬ್ರವರಿಯಲ್ಲಿ 244 ಕೋಟಿಯ ಗ್ರೀನ್ ಬಾಂಡ್, ಅಂದರೆ ಪರಿಸರಕ್ಕೆ ಒಳ್ಳೆಯದಾಗುವ ಕೆಲಸಕ್ಕೇ ಅಂತ ಎತ್ತುವ ಬಾಂಡ್, ತಂದರು. ಬಡ್ಡಿ ಶೇ. 8.25. ನಮ್ಮ-ನಿಮ್ಮಂಥವರೂ ಕೊಳ್ಳಬಹುದಿತ್ತು. ಬೇಕಾದ್ದಕ್ಕಿಂತ ಎಷ್ಟೋ ಹೆಚ್ಚು ಅರ್ಜಿ ಬಂದವು. ನಮಗೂ ಮಲಪ್ರಭೆಯ ನೀರು ಸವದತ್ತಿಯಿಂದ ಎತ್ತಿ ತರಬೇಕು. ಹಾಗಾಗಿ ಇದನ್ನು ಓದುವಾಗ ಕೈ ತುರಿಸಿತು. ನಮ್ಮೂರ ಹೆಸರಲ್ಲಿ ಇಂಥದ್ದು ಬಂದರೆ ನಾನು ಒಂದು ಲಕ್ಷ ಹಾಕುತ್ತೇನೆ, 7 ಕೊಟ್ಟರೂ ಹಾಕುತ್ತೇನೆ. ಪಂಪು ಎಲ್ಲಿದೆ ಅಂತ ಬಸ್ಸು ಹತ್ತಿ ಹೋಗಿ ನೋಡಿ ಬರಬಹುದಲ್ಲ.

ಅದೇ ವರ್ಷ ಜನವರಿಯಲ್ಲಿ ಕೇಂದ್ರ ಸರ್ಕಾರವೂ ಗ್ರೀನ್ ಬಾಂಡ್ ತಂದಿತು. ಮೊದಲ ಕಂತು 8,000 ಕೋಟಿ. ಐದು ವರ್ಷದ್ದಕ್ಕೆ ಶೇ. 7.10, ಹತ್ತು ವರ್ಷದ್ದಕ್ಕೆ 7.29. ಮಾಮೂಲು ಸರ್ಕಾರಿ ಬಾಂಡಿಗಿಂತ ಬಡ್ಡಿ ಕೂದಲೆಳೆಯಷ್ಟು ಕಡಿಮೆ. ಹಸಿರು ಅನ್ನುವ ಹೆಸರಿಗೆ ಕೊಳ್ಳುವವನು ಬಿಟ್ಟುಕೊಡುವ ಪಾಲು ಅದು. ಗದಗಿಗೆ ಹೋಗುವಾಗ ಕಪ್ಪತಗುಡ್ಡದ ಸುತ್ತ ಗಾಳಿಯಂತ್ರ ಕಾಣುತ್ತವಲ್ಲ, ಅಂಥ ಕೆಲಸಕ್ಕೆ ಈ ದುಡ್ಡು. ಆದರೆ ಖಜಾನೆ ಅನ್ನುವುದು ಕೆರೆ ಇದ್ದ ಹಾಗೆ. ನಾನು ಸುರಿದ ಕೊಡದ ನೀರು ಯಾವ ಹೊಲಕ್ಕೆ ಹೋಯಿತು ಅಂತ ಲೆಕ್ಕಪತ್ರ ಹೇಳುತ್ತದೆ, ಕಣ್ಣಿಗೆ ಕಾಣುವುದಿಲ್ಲ.

ಇನ್ನೊಂದು ಬಾಂಡಿನ ವಿಷಯ ಹೇಳದೆ ಇರುವುದಕ್ಕೆ ಆಗುತ್ತಿಲ್ಲ. ಷೇರುಪೇಟೆಯ ಮೇಲೆ ಕಣ್ಣಿಡುವ ಸೆಬಿ ಈಗ ಸೋಶಿಯಲ್ ಸ್ಟಾಕ್ ಎಕ್ಸ್‌ಚೇಂಜ್ ಮಾಡಿದೆ. ಅಲ್ಲಿ ಸಮಾಜಸೇವೆಯ ಸಂಸ್ಥೆಗಳು ಜೀರೋ ಕೂಪನ್ ಜೀರೋ ಪ್ರಿನ್ಸಿಪಲ್ ಅನ್ನುವ ಬಾಂಡು ತರಬಹುದು. ಬಡ್ಡಿಯೂ ಇಲ್ಲ, ಅಸಲೂ ಇಲ್ಲ. 2023ರ ಕೊನೆಗೆ ಬೆಂಗಳೂರಿನ ಉನ್ನತಿ ಫೌಂಡೇಶನ್ ಮೊದಲ ಸಲ ಅದನ್ನು ತಂದಿತು. ನಮ್ಮ ಮೈದುನನಿಗೆ ಇದನ್ನು ವಿವರಿಸಿದೆ. ಗಿರ್ಮಿಟ್ಟಿನ ಪ್ಲೇಟು ಕೆಳಗಿಟ್ಟು ಕೇಳಿದ: "ಅಸಲೂ ಕೊಡಂಗಿಲ್ಲ, ಬಡ್ಡೀನೂ ಕೊಡಂಗಿಲ್ಲ. ಅದಕ್ಕ ಬಾಂಡ್ ಯಾಕ ಅಂತೀರಿ ವೈನಿ, ದೇಣಿಗಿ ಅನ್ರಿ." ದೇಣಿಗೆಯೇ. ಆದರೆ ದೇಣಿಗೆಗೆ ರಸೀದಿ ಸಿಗುತ್ತದೆ, ಇದಕ್ಕೆ ಲೆಕ್ಕ ಸಿಗುತ್ತದೆ. ದುಡ್ಡಿನಿಂದ ಏನಾಯಿತು ಅಂತ ಸಂಸ್ಥೆ ವರದಿ ಕೊಡಲೇಬೇಕು. ನಾನು ಹಾಗಂದೆ. ಅವನು ಮೆಣಸಿನಕಾಯಿ ಕಚ್ಚಿದ.

ಹೆಸರಿನ ತಿದ್ದುಪಡಿ

ಗದಗಿನ ಹತ್ತಿರದ ಕಣಗಿನಹಾಳ ನಮ್ಮ ಕಡೆಯವರಿಗೆಲ್ಲ ಗೊತ್ತು. ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು 1905ರಲ್ಲಿ ಕಟ್ಟಿದ ಸಹಕಾರ ಸಂಘ, ಏಷ್ಯಾದಲ್ಲೇ ಮೊದಲನೆಯದು ಅಂತ ಪುಸ್ತಕದಲ್ಲಿ ಓದಿ ಪರೀಕ್ಷೆಯಲ್ಲಿ ಬರೆದು ಬಂದಿದ್ದೇವೆ. ಆದರೆ 1904ರ ಸಹಕಾರ ಕಾಯ್ದೆಯಲ್ಲಿ ಹಳ್ಳಿಯ ಸಂಘಗಳಿಗೆ ಒಂದು ನಿಯಮ ಇತ್ತು ಅಂತ ನನಗೆ ಗೊತ್ತಾಗಿದ್ದು ಈಚೆಗೆ. ಸಂಘ ಮುಳುಗಿದರೆ ಸದಸ್ಯನ ಹೊಣೆಗೆ ಮಿತಿ ಇಲ್ಲ. ಪಕ್ಕದವನು ಸಾಲ ತೀರಿಸದಿದ್ದರೆ ನಿನ್ನ ಹೊಲವೂ ಹೋಗಬಹುದು. ಹಾಗಿದ್ದಾಗ ಎಣಿಸುವವನನ್ನು ಹೊರಗಿನಿಂದ ಕರೆಸುವ ಅವಶ್ಯಕತೆ ಇಲ್ಲ. ಎತ್ತು ತರುತ್ತೇನೆ ಅಂತ ಸಾಲ ತಗೊಂಡವನ ಕೊಟ್ಟಿಗೆಯಲ್ಲಿ ಎತ್ತು ಇದೆಯೋ ಇಲ್ಲವೋ ಅಂತ ಇಡೀ ಊರು ಬೆಳಿಗ್ಗೆ ಚರಿಗೆ ಹಿಡಿದು ಹೋಗುವಾಗಲೇ ನೋಡಿರುತ್ತದೆ. ಉಸಿರು ಕಟ್ಟುವಂಥ ವ್ಯವಸ್ಥೆ ಅದು, ಇವತ್ತು ನಾನಂತೂ ಸಹಿ ಹಾಕುತ್ತಿರಲಿಲ್ಲ. ಆದರೆ ನನ್ನ ದುಡ್ಡು ಎಲ್ಲಿ ಹೋಯಿತು ಅಂತ ಕೇಳುವ ಪ್ರಶ್ನೆಯೇ ಅಲ್ಲಿ ಹುಟ್ಟುವುದಿಲ್ಲ.

ಭಾಗ್ಯಲಕ್ಷ್ಮಿ ಬಾಂಡಿಗೆ ಬರುತ್ತೇನೆ. ಅದರಲ್ಲಿ ಒಂದು ತೊಡಕಿತ್ತು. ಹುಟ್ಟಿದಾಗ ಮನೆಯಲ್ಲಿ ಕರೆದ ಹೆಸರು ಬಾಂಡಿನಲ್ಲಿತ್ತು. ಶಾಲೆಯಲ್ಲಿ, ಆಧಾರಿನಲ್ಲಿ ಬೇರೆ ಹೆಸರು. ಎರಡೂ ಒಬ್ಬಳೇ ಅಂತ ಅಫಿಡವಿಟ್ ಮಾಡಿಸಬೇಕಿತ್ತು. ಒಂದು ದಿನ ತಾಯಿ, ಮಗಳು, ನಾನು ಮೂವರೂ ಕೋರ್ಟ್ ಸರ್ಕಲ್ ಕಡೆ ಹೋದೆವು. ಟೈಪಿಸ್ಟನ ಮುಂದೆ ಬೆಂಚಿನ ಮೇಲೆ ಕೂತು ಕಾಯುವಾಗ, ತಡೆಯಲಾರದೆ ಕೇಳಿಯೇ ಬಿಟ್ಟೆ. ಈ ಬಾಂಡ್ ಇರದಿದ್ದರೆ ಮಗಳನ್ನು ಓದಿಸುತ್ತಿರಲಿಲ್ಲವಾ? ಕೇಳಿದ ಮೇಲೆ ಇನ್‌ಸ್ಪೆಕ್ಟರ್ ಸಾಹೇಬರ ಥರ ಕೇಳಿದೆ ಅನ್ನಿಸಿ ನಾಚಿಕೆ ಆಯಿತು.

ಆಕೆಗೆ ಬೇಜಾರಾಗಲಿಲ್ಲ. "ಓದಸ್ತಿದ್ನಿರಿ. ರೊಕ್ಕಕ್ಕ ಓದಸಿಲ್ಲ" ಅಂದಳು. ಸ್ವಲ್ಪ ಹೊತ್ತು ಬಿಟ್ಟು ತಾನಾಗಿಯೇ ಹೇಳಿದಳು. ಮಗಳಿಗೆ ಹದಿನಾರು ಆದಾಗ ಗಂಡನ ಅಕ್ಕ ತನ್ನ ಮಗನಿಗೆ ಕೇಳಿಕೊಂಡು ಬಂದಿದ್ದರಂತೆ. ಮನೆಯಲ್ಲಿ ಎಲ್ಲರಿಗೂ ಒಪ್ಪಿಗೆ. ಈಕೆಗೆ ಮನಸ್ಸಿಲ್ಲ. ಆದರೆ ಹಿರಿಯರ ಎದುರು ಒಲ್ಲೆ ಅನ್ನುವುದು ಹೇಗೆ? ಒಳಗೆ ಹೋಗಿ ಈ ಪ್ಲಾಸ್ಟಿಕ್ ಚೀಲ ತಂದು ಅವರ ಮುಂದೆ ಇಟ್ಟಳಂತೆ. "ಈಗ ಮದಿವಿ ಮಾಡಿದ್ರ ಈ ರೊಕ್ಕ ಬರಂಗಿಲ್ಲ, ಸರ್ಕಾರದ ಬಾಂಡ್ ಐತಿ ಅಂದ್ನಿರಿ. ರೊಕ್ಕ ಅಂದ ಕೂಡ್ಲೆ ಎಲ್ಲಾರೂ ಸುಮ್ಮನಾದ್ರ್ರಿ. ಎರಡ ವರ್ಷ ತಡೀರಿ ಅಂದ್ರು. ಎರಡ ವರ್ಷದಾಗ ಆ ಹುಡುಗಗ ಬ್ಯಾರೆ ಕಡೆ ಆತು." ಮಗಳು ಆ ಕಡೆ ಮುಖ ಮಾಡಿ ನಗುತ್ತಿದ್ದಳು. ಆಕೆ ಈಗ ನರ್ಸಿಂಗಿಗೆ ಸೇರಿದ್ದಾಳೆ, ಮೊದಲ ವರ್ಷದ ಫೀಸಿಗೆ ಈ ದುಡ್ಡು ಬೇಕಿತ್ತು.

ನಾನು ಚಕ್ರಬಡ್ಡಿ ಹಾಕಿ ಶೇ. 7 ಅಂತ ತೆಗೆದಿದ್ದೆನಲ್ಲ, ಆ ಲೆಕ್ಕದಲ್ಲಿ ಆಕೆ ಚೀಲ ತಂದು ಹಿರಿಯರ ಮುಂದೆ ಇಟ್ಟ ಆ ಹೊತ್ತು ಎಲ್ಲಿಯೂ ಬರುವುದಿಲ್ಲ. ಭಿಲ್ವಾಡಾದಲ್ಲಿ ಎಣಿಸಿದವರು ಬಂದಿದ್ದರೂ "ಹದಿನೆಂಟರ ಒಳಗೆ ಮದುವೆ ಆಗಿಲ್ಲ" ಅನ್ನುವ ಒಂದು ಟಿಕ್ ಹಾಕಿ ಹೋಗುತ್ತಿದ್ದರು.

ಟೈಪಿಸ್ಟು ಕಾಗದ ಕೊಟ್ಟ. ಮಗಳು ಎರಡೂ ಹೆಸರನ್ನು ಬೆರಳಿಟ್ಟು ಓದಿ ನೋಡಿದಳು. ವಾಪಸ್ ಬರುವಾಗ ಆಟೋದಲ್ಲಿ ತಾಯಿ ಕೇಳಿದಳು.

"ಅಕ್ಕಾರ, ನಿಮ್ಮದೂ ಒಂದ ಬಾಂಡ್ ಐತಿ ಅಂದಿದ್ರೆಲ್ಲ. ಅದು ಯಾವಾಗ ಬರತೈತ್ರಿ?"

"2028ಕ್ಕ."

"ನಿಮಗ ಏನೇನ ಕಂಡೀಷನ್ ಹಾಕ್ಯಾರ್ರಿ?"

"ಏನಿಲ್ಲ. ಐದು ವರ್ಷ ಅದನ್ನ ಮುಟ್ಟಬಾರದು, ಅಷ್ಟ."

ಆಕೆ ಪ್ಲಾಸ್ಟಿಕ್ ಚೀಲಕ್ಕೆ ಗಂಟು ಹಾಕುತ್ತಾ ಮಗಳ ಕಡೆ ನೋಡಿದಳು. "ಅಷ್ಟ ಆದ್ರ ಪಾಡ ಬಿಡ್ರಿ" ಅಂದಳು.